ಪಿಎಫ್ ಟ್ರಾನ್ಸ್‌ಫರ್: ಪೆನ್ಷನ್ ಕಾಲಂ ಬಿಡಿ, ಎಕ್ಸಿಟ್ ಡೇಟ್ ನೋಡಿ

ತಿಂಗಳ ಕೊನೆ, ಇಸಿಆರ್ (ಕಂಪನಿ ಪ್ರತಿ ತಿಂಗಳು ಸಲ್ಲಿಸುವ ಪಿಎಫ್ ಲೆಕ್ಕ) ಗಡಿಬಿಡಿ. ಹೊಸದಾಗಿ ಸೇರಿದ ಟೆಸ್ಟರ್ ಒಬ್ಬರು ಪೇರೋಲ್ ಡೆಸ್ಕಿಗೆ ಮೊಬೈಲ್ ಹಿಡಿದು ಬಂದರು. "ಸರ್, ನನ್ನ ಪೆನ್ಷನ್ ದುಡ್ಡೇ ಬಂದಿಲ್ಲ." ಹಳೇ ಮೆಂಬರ್ ಐಡಿಯಿಂದ, ಅಂದರೆ ಹಿಂದಿನ ಕಂಪನಿಯ ಪಿಎಫ್ ಖಾತೆಯಿಂದ, ಅವರ ಪಾಲು, ಕಂಪನಿ ಪಾಲು ಎರಡೂ ಬಂದಿವೆ, ಪೆನ್ಷನ್ ಕಾಲಂನಲ್ಲಿ ಸೊನ್ನೆ. ದೂರು ಟೈಪ್ ಮಾಡಿಯಾಗಿದೆ, ಸಬ್ಮಿಟ್ ಒತ್ತುವುದೊಂದೇ ಬಾಕಿ.

ಆ ಸೊನ್ನೆ ಸರಿಯಾಗಿಯೇ ಇದೆ. ಬೇಸಿಕ್ 50,000 ಇದ್ದು, ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಡೆ ನಿಮ್ಮಿಂದ 6,000 ಹೋಗುತ್ತದೆ. ನೀವು ಇಪಿಎಸ್ (ಪೆನ್ಷನ್ ಸ್ಕೀಮ್) ಸದಸ್ಯರಾಗಿದ್ದರೆ ಕಂಪನಿಯ 6,000ದಲ್ಲಿ 15,000 ಸಂಬಳ ಮಿತಿಯ ಶೇ 8.33, ಅಂದರೆ 1,250 ಅದಕ್ಕೆ. ಉಳಿದ 4,750 ಪಿಎಫ್‌ಗೆ. ಇಪಿಎಸ್‌ನಲ್ಲಿ ನಿಮ್ಮ ಹೆಸರಿನ ಗಂಟು ಅಂತ ಯಾವುದೂ ಇಲ್ಲ. ಪೆನ್ಷನ್ ಲೆಕ್ಕ ಸರ್ವೀಸ್ ಮತ್ತು ಸಂಬಳದ ಮೇಲೆ. ಹಾಗಾಗಿ ಟ್ರಾನ್ಸ್‌ಫರ್‌ನಲ್ಲಿ ಪೆನ್ಷನ್ ಕಡೆಯಿಂದ ಬರುವುದು ಸರ್ವೀಸ್ ಮಾತ್ರ. ಎರಡು ಖಾತೆ ಹೋಲಿಸುವಾಗ ರೂಪಾಯಿಗಿಂತ ಮೊದಲು ತಾರೀಖು ನೋಡಿ.

ಅವರ ನಿಜವಾದ ತೊಂದರೆ ಸರ್ವೀಸ್ ಹಿಸ್ಟರಿಯಲ್ಲಿತ್ತು. ಕೆಲಸ ಬಿಟ್ಟಿದ್ದು ಜುಲೈ 11ಕ್ಕೆ, ಜುಲೈ ಸಂಬಳಕ್ಕೂ ಪಿಎಫ್ ಕಟ್ಟಿದ್ದಾರೆ. ಎಕ್ಸಿಟ್ ಡೇಟ್ ಮಾತ್ರ ಜೂನ್ 30! ಅಲ್ಲಿನ ಕನ್ಸಲ್ಟೆಂಟ್ ಎಲ್ಲರಿಗೂ ತಿಂಗಳ ಕೊನೇ ದಿನವನ್ನೇ ತುಂಬುತ್ತಾನಂತೆ. ಎಕ್ಸಿಟ್ ಆದ ಮೇಲೂ ವಂತಿಗೆ ಇದೆ ಅಂತ ಮುಂದೆ ಕ್ಲೇಮ್‌ಗೆ ಆಕ್ಷೇಪಣೆ ಬರುವುದು ಇಂಥದ್ದಕ್ಕೇ. ತಿದ್ದಲು ಜಾಯಿಂಟ್ ಡಿಕ್ಲರೇಷನ್ (ವಿವರ ತಿದ್ದುವ ಅರ್ಜಿ) ಬೇಕು, ಕೆಲವೊಮ್ಮೆ ಹಳೇ ಕಂಪನಿಯ ಹಿಂದೆ ಅಲೆಯಬೇಕು. ಕಂಪನಿಯವರು ಎಕ್ಸಿಟ್ ಹಾಕದೇ ಇದ್ದರೆ ವಾಸಿ: ಕೊನೇ ವಂತಿಗೆಯಾಗಿ ಎರಡು ತಿಂಗಳ ನಂತರ ಪಿಎಫ್ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಕೊನೇ ವಂತಿಗೆಯ ತಿಂಗಳೊಳಗಿನ ತಾರೀಖೇ ಆಗಬೇಕು. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡು ತುಂಬಿ. ಒಮ್ಮೆ ಸಬ್ಮಿಟ್ ಆದರೆ ಸುಲಭವಾಗಿ ತಿದ್ದಲಾಗದು.

ಹಳೇ ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇದ್ದರೆ ಇನ್ನೊಂದು ಕೆಲಸ. ಪಿಎಫ್ ದುಡ್ಡು ಟ್ರಸ್ಟ್‌ನಲ್ಲಿ, ಪೆನ್ಷನ್ ಇಪಿಎಫ್ಒನಲ್ಲಿ (ಸರ್ಕಾರಿ ಪಿಎಫ್ ಸಂಸ್ಥೆ). ದುಡ್ಡು ಬಂತು ಅಂತ ಸುಮ್ಮನಾಗದೆ ಅನೆಕ್ಷರ್ ಕೆ (ಟ್ರಾನ್ಸ್‌ಫರ್ ಆದ ಹಣ, ಸರ್ವೀಸ್ ವಿವರದ ಪತ್ರ) ಕೇಳಿ ತೆಗೆದುಕೊಳ್ಳಿ. ಸೇರಿದ ತಾರೀಖು, ಬಿಟ್ಟ ತಾರೀಖು, ಎನ್‌ಸಿಪಿ ದಿನಗಳನ್ನು (ಸಂಬಳವಿಲ್ಲದೆ ವಂತಿಗೆ ಕಟ್ಟದ ದಿನಗಳು) ಅದರಲ್ಲಿ ತಾಳೆ ನೋಡಿ.

ಕೆಲಸದ ಮಧ್ಯದ ಬಿಡುವಿನಲ್ಲಿ ಫಾರ್ಮ್ 19 (ಪಿಎಫ್ ತೆಗೆಯಲು), 10ಸಿ (ಪೆನ್ಷನ್ ದುಡ್ಡು ತೆಗೆಯಲು) ಹಾಕಿ ಎಲ್ಲಾ ಬಳಿದುಕೊಳ್ಳುವವರಿಗೆ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. 10ಸಿಯಲ್ಲಿ ಪೆನ್ಷನ್ ದುಡ್ಡು ತೆಗೆದರೆ ಆ ವರ್ಷಗಳು ಪೆನ್ಷನ್‌ಗೆ ಬೇಕಾದ 10 ವರ್ಷದ ಲೆಕ್ಕಕ್ಕಿಲ್ಲ. ಒಟ್ಟು ಸರ್ವೀಸ್ 5 ವರ್ಷದೊಳಗಿದ್ದು ಪಿಎಫ್ ಮೊತ್ತ 50,000 ಮುಟ್ಟಿದರೆ, ಪ್ಯಾನ್ ಇದ್ದರೂ ಸಾಮಾನ್ಯವಾಗಿ ಶೇ 10 ಟಿಡಿಎಸ್. ಟ್ರಾನ್ಸ್‌ಫರ್ ಮಾಡಿದ್ದರೆ ಹಳೇ ಸರ್ವೀಸ್ ಆ 5 ವರ್ಷಕ್ಕೂ ಸೇರುತ್ತದೆ.

ಇಂಡಕ್ಷನ್‌ನಲ್ಲಿ ಕ್ಯಾಂಟೀನ್ ಕಾರ್ಡ್‌ಗೆ ಅರ್ಧ ಗಂಟೆ ಕೊಡುವ ನಮ್ಮ ಮ್ಯಾನೇಜ್‌ಮೆಂಟ್ ಫಾರ್ಮ್ 11ಕ್ಕೆ (ಸೇರುವಾಗ ಹಳೇ ಪಿಎಫ್ ವಿವರ ಕೊಡುವ ಫಾರ್ಮ್) ಎರಡು ನಿಮಿಷ ಕೊಡುವುದಿಲ್ಲ. ಅದರಲ್ಲಿ ಹಳೇ ಯುಎಎನ್ (ಕಂಪನಿ ಬದಲಾದರೂ ಒಂದೇ ಇರಬೇಕಾದ ಪಿಎಫ್ ನಂಬರ್) ಜಾಗ ಖಾಲಿ ಬಿಟ್ಟವರಿಗೆ ಎರಡನೇ ಯುಎಎನ್ ಹುಟ್ಟಿಕೊಂಡಿದ್ದೂ ಇದೆ. ಹಾಗಾಗಿದ್ದರೆ ಹೊಸದರಲ್ಲಿ ಲಾಗಿನ್ ಆಗಿ 'ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್'ನಲ್ಲಿ ಹಳೇ ಖಾತೆಯ ವಿವರ ಕೊಟ್ಟು ಅರ್ಜಿ ಹಾಕಿ. ಹೆಸರು, ಹುಟ್ಟಿದ ತಾರೀಖು ಎರಡೂ ಕಡೆ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ.