ಇಇಜಿಗೆ ಹೋಗುವವರು ತಲೆಗೆ ಎಣ್ಣೆ ಹಚ್ಚಬೇಡಿ

ಇಇಜಿ ಅಂದರೆ ಮಿದುಳಿಗೆ ಕರೆಂಟ್ ಕೊಡೋದು ಅಂತ ಹೆದರುವವರು ಇನ್ನೂ ಇದ್ದಾರೆ. ಕೊಡೋದೇನೂ ಇಲ್ಲ, ಮಿದುಳಿನಿಂದ ಬರುವ ಕರೆಂಟಿನ ಅಲೆಗಳನ್ನು ಹಿಡಿದು ಗೆರೆಗಳಾಗಿ ಬರೆಯುವ ಪರೀಕ್ಷೆಯಷ್ಟೇ. ಅದಾದರೂ ಎಷ್ಟು? ನೆತ್ತಿಯ ಮೇಲೆ ಸಿಗುವುದು ಬರೀ ಹತ್ತಾರು ಮೈಕ್ರೋವೋಲ್ಟ್.

ಹಾಗಾಗಿ ಅರ್ಧ ಕೆಲಸ ತಯಾರಿಯಲ್ಲೇ ಇದೆ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಟೇಪಿನಲ್ಲಿ ಅಳೆದು, ಆ ಉದ್ದದ ಶೇ. 10 ಮತ್ತು ಶೇ. 20ರ ಅಂತರದಲ್ಲಿ ಗುರುತು ಹಾಕುತ್ತಾರೆ. ಚರ್ಮವನ್ನು ಮೆಲ್ಲಗೆ ಉಜ್ಜಿ, ಪೇಸ್ಟ್ ಹಚ್ಚಿ 21 ಎಲೆಕ್ಟ್ರೋಡ್ (ಈ ಅಲೆ ಹಿಡಿಯುವ ಪುಟ್ಟ ಲೋಹದ ಬಿಲ್ಲೆ) ಕೂರಿಸುತ್ತಾರೆ. ಚರ್ಮಕ್ಕೂ ಬಿಲ್ಲೆಗೂ ನಡುವಿನ ವಿದ್ಯುತ್ ತಡೆ 5 ಕಿಲೋಓಮ್‌ಗಿಂತ ಕೆಳಗಿದ್ದರೆ ಒಳ್ಳೆಯದು. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯಲ್ಲಿ ಅದು ಸುಲಭಕ್ಕೆ ಇಳಿಯದು. ಗೆರೆಗಳ ತುಂಬಾ ಗೋಡೆಯ ವೈರಿನ ಕರೆಂಟಿನ 50 ಹರ್ಟ್ಸ್ (ಸೆಕೆಂಡಿಗೆ 50 ಸಲ) ಗದ್ದಲ ನುಗ್ಗುತ್ತದೆ.

ಕಣ್ಣು ಮುಚ್ಚಿದ ಕೂಡಲೇ ಹಿಂದಲೆಯಲ್ಲಿ 8ರಿಂದ 13 ಹರ್ಟ್ಸ್‌ನ ಆಲ್ಫಾ ಅಲೆ ಏಳುತ್ತದೆ, ತೆರೆದರೆ ಅಡಗುತ್ತದೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಇದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ. 1934ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಏಡ್ರಿಯನ್ ಅದನ್ನೇ ಮಾಡಿ ತೋರಿಸಿದ ಮೇಲೆ ಜನ ಒಪ್ಪಿದರು. ಪಾಪ ಬರ್ಗರ್!

ರೆಪ್ಪೆ ಬಡಿದರೂ ಹಣೆಯ ಎಲೆಕ್ಟ್ರೋಡ್‌ಗಳಲ್ಲಿ ದೊಡ್ಡ ಅಲೆ ಬರುತ್ತದೆ. ಕಣ್ಣುಗುಡ್ಡೆಯೇ ಒಂದು ಪುಟ್ಟ ಬ್ಯಾಟರಿ, ಮುಂದೆ ಧನ, ಹಿಂದೆ ಋಣ. ಹಲ್ಲು ಕಚ್ಚಿದರೆ ಸ್ನಾಯುವಿನ ಗದ್ದಲ. ಹೊಸಬರು ಇದನ್ನೇ ಕಾಯಿಲೆ ಅಂತ ಓದಿಬಿಡುವುದೂ ಉಂಟು.

ರಿಪೋರ್ಟ್ ನಾರ್ಮಲ್ ಬಂದರೆ ಮೂರ್ಛೆರೋಗ ಇಲ್ಲ ಅಂತಲ್ಲ. ಅರ್ಧ ಗಂಟೆಯ ರೆಕಾರ್ಡಿಂಗ್‌ನಲ್ಲಿ ಅದು ಕಾಣದೆ ಹೋಗಬಹುದು. ಅದಕ್ಕೇ ಕೆಲವೊಮ್ಮೆ ನಿದ್ದೆಗೆಡಿಸಿ ಮತ್ತೆ ಮಾಡುವುದು. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.