ಹಳೆಯ ಟ್ವಿನ್ ಟರ್ಬೊ ಡೀಸೆಲ್‌ನಲ್ಲಿ ಗ್ರೋಸ್‌ಗ್ಲೋಕ್ನರ್ ಘಾಟಿ: ಹೊರಡುವ ಮುಂಚೆ ನೋಡಿಕೊಳ್ಳಬೇಕಾದದ್ದು

ಬೆಂಗಳೂರಿನಿಂದ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಗೆ ಬಂದವರಲ್ಲಿ ತುಂಬಾ ಜನ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಳ್ಳುತ್ತಾರೆ. ತಗೊಂಡ ಮೇಲೆ ಮೊದಲ ಬೇಸಿಗೆಗೇ ಆಲ್ಪ್ಸ್ ಹತ್ತುವ ಆಸೆ. ನಾವು ಹೋಗಿದ್ದು ಆಸ್ಟ್ರಿಯಾದ ಗ್ರೋಸ್‌ಗ್ಲೋಕ್ನರ್ ಘಾಟಿಗೆ, 2012ರ ಮರ್ಸಿಡಿಸ್ ಇ250 ಸಿಡಿಐನಲ್ಲಿ. ಬೆಟ್ಟದ ಅಂದದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಜಾಸ್ತಿ ಹೇಳುವುದು ಬಾನೆಟ್ ಕೆಳಗಿನ ವಿಷಯ. ಯಾಕೆಂದರೆ ಈ ಎಂಜಿನ್‌ಗೆ ಬೆಟ್ಟ ಕಷ್ಟವೇ ಅಲ್ಲ. ಊರೊಳಗೆ ಐದು ಕಿಲೋಮೀಟರ್ ಹೋಗಿ ಬರುವ ಓಡಾಟವೇ ಅದನ್ನು ಹಾಳು ಮಾಡುವುದು. ಬೆಟ್ಟ ಆ ಹಾಳನ್ನು ಬಯಲಿಗೆ ತರುತ್ತದೆ, ಅಷ್ಟೇ.

ಎಂಜಿನ್ ಹೆಸರು ಓಎಂ651. 2008ರಲ್ಲಿ ಬಂತು. ನಾಲ್ಕು ಸಿಲಿಂಡರ್, 2143 ಸಿಸಿ. ಬೋರ್ 83 ಮಿ.ಮೀ., ಸ್ಟ್ರೋಕ್ 99 ಮಿ.ಮೀ. ಇ250ರಲ್ಲಿ 204 ಎಚ್‌ಪಿ, 500 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ ಪೂರ್ತಿ 1600 ಆರ್‌ಪಿಎಂಗೇ ಸಿಗುತ್ತದೆ, ಘಾಟಿಯಲ್ಲಿ ಬೇಕಾದದ್ದೂ ಅದೇ. ಇದೇ ಎಂಜಿನ್ ಅನ್ನು ಸ್ವಲ್ಪ ಕಡಿಮೆ ಪವರ್‌ಗೆ ಹೊಂದಿಸಿ 220 ಸಿಡಿಐ ಅಂತ ಭಾರತದಲ್ಲೂ ಮಾರಿದರು. ಹಾಗಾಗಿ ಬೆಂಗಳೂರಿನಲ್ಲಿ ಹಳೆಯ ಸಿ ಕ್ಲಾಸ್ ಹುಡುಕುತ್ತಿರುವವರಿಗೂ ಮುಂದಿನ ಕೆಲವು ಮಾತು ಉಪಯೋಗಕ್ಕೆ ಬಂದೀತು.

ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಇದರಲ್ಲಿ ಎರಡು ಇವೆ, ಒಂದು ಸಣ್ಣದು, ಒಂದು ದೊಡ್ಡದು. ಸುಮಾರು 1500 ಆರ್‌ಪಿಎಂವರೆಗೆ ಹೊಗೆಯೆಲ್ಲ ಸಣ್ಣದಕ್ಕೇ ಹೋಗುತ್ತದೆ. ಹಗುರ ಇರುವುದರಿಂದ ಅದು ಥಟ್ಟನೆ ತಿರುಗುತ್ತದೆ, ನಿಮಿಷಕ್ಕೆ 2 ಲಕ್ಷಕ್ಕೂ ಜಾಸ್ತಿ ಸುತ್ತು. ಆಮೇಲೆ ಒಂದು ಫ್ಲ್ಯಾಪ್ ನಿಧಾನಕ್ಕೆ ತೆರೆದುಕೊಂಡು ದೊಡ್ಡದಕ್ಕೆ ದಾರಿ ಬಿಡುತ್ತದೆ. 2800 ದಾಟಿದ ಮೇಲೆ ಕೆಲಸವೆಲ್ಲ ದೊಡ್ಡದರದ್ದೇ. ಜೋಡೆತ್ತಿನಲ್ಲಿ ಒಂದು ಬಂಡಿ ಕದಲಿಸುತ್ತದೆ, ಇನ್ನೊಂದು ಓಡಿಸುತ್ತದೆ ಅಂದುಕೊಳ್ಳಿ. 2500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಕಾಲು ಭಾಗ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಸುಸ್ತಾಗುತ್ತದೆ. ಇದಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದರೆ ಆ ಫ್ಲ್ಯಾಪ್, ಅದನ್ನು ಎಳೆಯುವ ವ್ಯಾಕ್ಯೂಮ್ ಪೈಪು, ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸು ಎಲ್ಲ ಸರಿಯಿದ್ದರೆ ಮಾತ್ರ ಈ ಮಾತು.

ಹಾಗಾಗಿ ಹೊರಡುವ ಹಿಂದಿನ ದಿನ ಅಲ್ಲ, ಒಂದು ತಿಂಗಳು ಮುಂಚೆಯೇ ಕಾರನ್ನು ಒಳ್ಳೆ ಮೆಕ್ಯಾನಿಕ್ ಹತ್ತಿರ ಬಿಡಿ. ಟ್ಯೂಫ್ ಚೀಟಿ, ಅಂದರೆ ಜರ್ಮನಿಯ ಕಡ್ಡಾಯ ವಾಹನ ತಪಾಸಣೆಯ ಚೀಟಿ, ಇದೆಯಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಅಲ್ಲಿ ಬ್ರೇಕು, ಲೈಟು, ಹೊಗೆ ನೋಡುತ್ತಾರೆ. ಚೈನ್ ಹೇಗಿದೆ, ಇಂಜೆಕ್ಟರ್ ಹೇಗಿದೆ ಅಂತ ಯಾರೂ ನೋಡುವುದಿಲ್ಲ.

ಮೊದಲು ಚೈನ್ ವಿಷಯ. ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆಯುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್ ಈ ಎಂಜಿನ್‌ನಲ್ಲಿ ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಪಾದಚಾರಿಗೆ ಕಾರು ಗುದ್ದಿದರೆ ಪೆಟ್ಟು ಕಡಿಮೆ ಆಗಲಿ ಅಂತ ಬಾನೆಟ್ ಕೆಳಗೆ ಜಾಗ ಬಿಡಲು ಹೀಗೆ ಮಾಡಿದ್ದು. ಉದ್ದೇಶ ಒಳ್ಳೆಯದೇ. ರಿಪೇರಿ ಬಂದಾಗ ಮಾತ್ರ ಮೆಕ್ಯಾನಿಕ್ ಶಾಪ ಹಾಕುತ್ತಾನೆ. ಚೈನ್ ಜಾರುವ ಗೈಡ್‌ವರೆಗೆ ಕೈ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ, ಬಿಲ್ಲು ಸಾವಿರಾರು ಯೂರೋ. ಪರೀಕ್ಷೆ ನೀವೇ ಮಾಡಬಹುದು. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಬಾನೆಟ್ ತೆರೆದಿಟ್ಟು ಬೇರೆಯವರಿಂದ ಸ್ಟಾರ್ಟ್ ಮಾಡಿಸಿ. ನೀವು ಎಂಜಿನ್‌ನ ಹಿಂಬದಿಗೆ, ಗಾಜಿನ ಹತ್ತಿರಕ್ಕೆ ಕಿವಿ ಕೊಡಿ. ಡೀಸೆಲ್ ಅಂದಮೇಲೆ ಟಕಟಕ ಇದ್ದದ್ದೇ. ಅದರ ಜೊತೆ ಒಣ ಲೋಹ ಉಜ್ಜುವಂಥ ಕರಕರ ಸದ್ದು ಒಂದೆರಡು ಸೆಕೆಂಡ್‌ಗಿಂತ ಜಾಸ್ತಿ ಬಂದರೆ ಬೆಟ್ಟದ ಯೋಚನೆ ಮುಂದಕ್ಕೆ ಹಾಕಿ.

ಇಂಜೆಕ್ಟರ್ ಕಥೆ ಹಳೆಯದು. ಮೊದಲ ವರ್ಷಗಳ ಕಾರುಗಳಲ್ಲಿ ಡೆಲ್ಫಿ ಕಂಪನಿಯ ಪೀಜೋ ಇಂಜೆಕ್ಟರ್ ಇದ್ದವು. 2000 ಬಾರ್ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವಂಥವು. ಅವು ಕೈಕೊಟ್ಟು ಕಾರು ಲಿಂಪ್ ಮೋಡ್‌ಗೆ ಹೋಗುವ, ಅಂದರೆ ಪವರ್ ಕಡಿಮೆಯಾಗಿ ಕುಂಟುತ್ತಾ ಓಡುವ ದೂರು ಎಷ್ಟು ಬಂತೆಂದರೆ, ಕಂಪನಿಯೇ ಬೇರೆ ಬಗೆಯ, ಸೊಲೆನಾಯ್ಡ್ ಇಂಜೆಕ್ಟರ್ ಹಾಕಿಕೊಡಬೇಕಾಯಿತು. 2009ರಿಂದ 2011ರವರೆಗಿನ ಕಾರು ನಿಮ್ಮದಾದರೆ, ಬದಲಾಯಿಸಿದ್ದಾರಾ ಅಂತ ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ವಿಚಾರಿಸಿ. ಇನ್ನೊಂದು, ಪ್ಲಾಸ್ಟಿಕ್ ಕವರ್ ಎತ್ತಿ ಇಂಜೆಕ್ಟರ್ ಬುಡ ನೋಡಿ. ಡಾಂಬರಿನಂಥ ಕಪ್ಪು ಅಂಟು ಕೂತಿದ್ದರೆ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ ಅಂತ ಅರ್ಥ. ಬೇಗ ಗೊತ್ತಾದರೆ ಅದು ಸಣ್ಣ ಕೆಲಸ. ಬಿಟ್ಟರೆ ಇಂಜೆಕ್ಟರ್ ಹೊರಗೆ ಬರುವುದೇ ಕಷ್ಟ.

ವಾಟರ್ ಪಂಪ್ ಸೋರುವುದು, ಆಯಿಲ್ ಕೂಲರ್ ಗ್ಯಾಸ್ಕೆಟ್ ಒಸರುವುದು, ಸ್ವಲ್ಪ ಹೊಗೆಯನ್ನು ಎಂಜಿನ್‌ಗೇ ವಾಪಸ್ ಬಿಡುವ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟುವುದು, ಇವೆಲ್ಲ ಈ ಎಂಜಿನ್‌ನಲ್ಲಿ ಮಾಮೂಲಿ. ಕೂಲೆಂಟ್ ಡಬ್ಬಿ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ಎರಡು ವಾರ ಗಮನಿಸಿ. ಮಟ್ಟ ಇಳಿದರೆ ಬರೀ ಟಾಪ್ ಅಪ್ ಮಾಡಿ ಹೊರಡಬೇಡಿ. ಆಯಿಲ್‌ಗೆ ಮರ್ಸಿಡಿಸ್‌ನ 229.51 ಅಥವಾ 229.52 ಅನುಮೋದನೆ ಇರಲೇಬೇಕು, ಇಲ್ಲದಿದ್ದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟುತ್ತದೆ. ಯೂರೋಪಿನಲ್ಲಿ 25,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಾಯಿಸಿ ಅನ್ನುತ್ತಾರೆ. ನನ್ನ ಪ್ರಕಾರ ಅದು ಲೀಸ್ ಕಾರಿನವರ ಲೆಕ್ಕ. ಚೈನ್ ಟೆನ್ಷನರ್, ಟರ್ಬೊ ಬೇರಿಂಗ್ ಎರಡೂ ಆ ಆಯಿಲನ್ನೇ ನಂಬಿಕೊಂಡಿವೆ, ಅರ್ಧಕ್ಕೇ ಬದಲಾಯಿಸಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿ. ಇಳಿಜಾರಿನಲ್ಲಿ ಅದು ಕುದಿಯುವುದು ಬೇಡ.

ದಾರಿ ಹೀಗಿದೆ. ಸ್ಟುಟ್‌ಗಾರ್ಟ್ ಬಿಟ್ಟು ಎ8 ಹಿಡಿದರೆ ಉಲ್ಮ್‌ಗೆ ಮುಂಚೆ ಸ್ವೇಬಿಯನ್ ಆಲ್ಬ್ ಬೆಟ್ಟಸಾಲಿನ ಏರು ಸಿಗುತ್ತದೆ. ಅದೇ ನಿಮ್ಮ ಟೆಸ್ಟ್. ಅಲ್ಲಿ ಕಾರು ಎಳೆಯದೆ ಶಿಳ್ಳೆ ಹೊಡೆದಂತೆ ಸದ್ದು ಮಾಡಿದರೆ, ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡರೆ, ಟರ್ಬೊದ ಆ ರಬ್ಬರ್ ಹೋಸ್ ಸೀಳಿದೆ. ಮ್ಯೂನಿಕ್ ತಲುಪುವ ಮುಂಚೆಯೇ ಅದನ್ನು ಸರಿಮಾಡಿಸಿ. ಮ್ಯೂನಿಕ್ ದಾಟಿ ಕುಫ್‌ಸ್ಟೈನ್‌ಗೆ ಬನ್ನಿ. ಗಡಿಯಿಂದ ಕುಫ್‌ಸ್ಟೈನ್ ಸ್ಯೂಡ್ ಎಕ್ಸಿಟ್‌ವರೆಗೆ ಆಸ್ಟ್ರಿಯಾದ ವಿನ್ಯೆಟ್, ಅಂದರೆ ಹೆದ್ದಾರಿ ಟೋಲ್ ಪಾಸ್, ಬೇಕಿಲ್ಲ. ಅಲ್ಲೇ ಇಳಿದು ಕಿಟ್ಸ್‌ಬ್ಯೂಲ್, ಪಾಸ್ ಟೂರ್ನ್, ಮಿಟರ್‌ಸಿಲ್ ಮೇಲೆ ಫುಶ್ ಕಡೆಗೆ ಹೋದರೆ ಆ ದುಡ್ಡು ಉಳಿಯುತ್ತದೆ, ನೋಟವೂ ಚೆನ್ನಾಗಿದೆ. ಡೀಸೆಲ್ ಸಾಮಾನ್ಯವಾಗಿ ಆಸ್ಟ್ರಿಯಾದಲ್ಲೇ ಅಗ್ಗ, ಹಾಗಾಗಿ ಜರ್ಮನಿಯಲ್ಲಿ ಫುಲ್ ಟ್ಯಾಂಕ್ ಮಾಡಬೇಡಿ. ಕಾರಿನಲ್ಲಿ ತ್ರಿಕೋನ ಫಲಕ, ಹೊಳೆಯುವ ಜಾಕೆಟ್, ಫಸ್ಟ್ ಏಡ್ ಪೆಟ್ಟಿಗೆ ಕಡ್ಡಾಯ. ಭಾರತದ ಲೈಸೆನ್ಸ್‌ನಲ್ಲಿ ಓಡಿಸುವವರು ಇಂಟರ್‌ನ್ಯಾಷನಲ್ ಪರ್ಮಿಟ್ ಜೊತೆಗಿಟ್ಟುಕೊಳ್ಳಿ. ಜರ್ಮನಿಯಲ್ಲಿ ವಾಸ ಶುರುವಾಗಿ ಆರು ತಿಂಗಳಾದ ಮೇಲೆ ಆ ಲೈಸೆನ್ಸ್ ನಡೆಯುವುದಿಲ್ಲ.

ಘಾಟಿ ರಸ್ತೆ 48 ಕಿ.ಮೀ., 36 ತಿರುವು. ಆಗುಂಬೆಯ 14 ತಿರುವು ನೋಡಿದವರಿಗೆ ಹೆದರಿಕೆ ಬೇಡ, ಇಲ್ಲಿ ರಸ್ತೆ ಅಗಲ. ಆದರೆ ಏರು ಶೇ. 12ರವರೆಗೆ ಇದೆ, ಅದೂ ಉದ್ದಕ್ಕೆ. 1935ರಲ್ಲಿ ತೆರೆದ ರಸ್ತೆ. ಮೇ ಮೊದಲಿಂದ ನವೆಂಬರ್ ಮೊದಲವರೆಗೆ, ಹಿಮ ನೋಡಿಕೊಂಡು ಬಿಡುತ್ತಾರೆ. ರಾತ್ರಿ ಮುಚ್ಚುತ್ತಾರೆ. ಕಾರಿಗೆ ಟೋಲ್ 40 ಯೂರೋ ದಾಟಿದೆ. ಫೆರ್‌ಲೈಟನ್ ಗೇಟಿಗೆ ಬೆಳಗ್ಗೆ ಬೇಗ ಬನ್ನಿ. ಒಂಬತ್ತಾದ ಮೇಲೆ ಬೈಕು, ಬಸ್ಸು, ಸೈಕಲ್ಲು ಎಲ್ಲ ಸೇರಿ ಜಾತ್ರೆ. ಕಪ್ಪುಬಿಳಿ ಚಿತ್ತಾರದ ಸ್ಟಿಕರ್ ಮೆತ್ತಿಕೊಂಡ ಹೊಸ ಮಾಡೆಲ್ ಕಾರುಗಳೂ ಕಂಡಾವು. ಕಂಪನಿಗಳು ಬ್ರೇಕು, ಎಂಜಿನ್ ಪರೀಕ್ಷೆಗೆ ಇಲ್ಲಿಗೇ ಬರುತ್ತವೆ.

ಹತ್ತುವಾಗ ಆಟೋ ಗೇರನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ತಿರುವಿನಲ್ಲೂ ಮೇಲೆ ಕೆಳಗೆ ಹಾರಾಡುತ್ತದೆ. ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಎರಡು ಅಥವಾ ಮೂರನೇ ಗೇರ್‌ಗೆ ಹಾಕಿ, ಎರಡು ಸಾವಿರದ ಆಸುಪಾಸು ಇಟ್ಟುಕೊಂಡರೆ ಎರಡೂ ಟರ್ಬೊ ಸೇರಿ ಎಳೆಯುವ ಜಾಗ ಅದು. ಸುಮ್ನೆ ಕಾಲೊತ್ತಬೇಕಿಲ್ಲ. ಫುಶರ್ ಟೋರ್ಲ್ 2428 ಮೀಟರ್. ಅಲ್ಲಿಂದ ಎಡೆಲ್‌ವೈಸ್‌ಸ್ಪಿಟ್ಸೆ, 2571 ಮೀಟರ್, ಕಲ್ಲು ಹಾಸಿದ ಕಿರಿದಾದ ದಾರಿ. ಮೇಲೆ ನಿಲ್ಲಿಸಿದ ತಕ್ಷಣ ಇಗ್ನಿಷನ್ ಆಫ್ ಮಾಡಬೇಡಿ. ಟರ್ಬೊ ಕಾದು ಕೆಂಪಗಾಗಿರುತ್ತದೆ. ಆಯಿಲ್ ಹರಿವು ನಿಂತರೆ ಬೇರಿಂಗ್‌ನಲ್ಲೇ ಸುಟ್ಟು ಕರಕಾಗುತ್ತದೆ. ಒಂದು ನಿಮಿಷ ಐಡಲ್ ಬಿಡಿ. ಸ್ಟಾರ್ಟ್ ಸ್ಟಾಪ್ ಇದ್ದರೆ ಗೇಟಿನಲ್ಲೇ ಆಫ್ ಮಾಡಿ. ನಾವು ನಿಂತಾಗ ಐಡಲ್ ಸ್ವಲ್ಪ ಮೇಲಿತ್ತು, ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಬಿಸಿ ವಾಸನೆ ಬೇರೆ. ಹೆಂಡತಿ ಗಾಬರಿಯಾದಳು. ಅದು ಡಿಪಿಎಫ್ ಒಳಗಿನ ಮಸಿ ಸುಡುವ ಹೊತ್ತು, ರೀಜನರೇಷನ್. ಅರ್ಧಕ್ಕೆ ನಿಲ್ಲಿಸದೆ ಮುಗಿಯಲು ಬಿಡಬೇಕು. ನಾವು ಹೋಖ್‌ಟೋರ್ ಸುರಂಗದವರೆಗೆ, ಅಂದರೆ 2504 ಮೀಟರ್‌ವರೆಗೆ, ಹಾಗೇ ಓಡಿಸಿದೆವು. ಐಡಲ್ ತಾನಾಗೇ ಇಳಿಯಿತು.

ಇಳಿಯುವಾಗ ಹತ್ತಿದ ಗೇರೇ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರ ಡಿಸ್ಕ್ ವಾಸನೆ ಹಿಂದಿನ ಕಾರಿಗೂ ಬಡಿಯುತ್ತದೆ. ಗ್ರೋಸ್‌ಗ್ಲೋಕ್ನರ್ ಶಿಖರ, ಕೆಳಗೆ ಪಾಸ್ಟರ್ಸೆ ಹಿಮನದಿ ನೋಡಲು ಕೈಸರ್ ಫ್ರಾನ್ಸ್ ಯೋಸೆಫ್ ಹೋಹೆಗೆ ಹೋಗುವ ಕವಲು ದಾರಿ ತಪ್ಪಿಸಬೇಡಿ. ಊಟಕ್ಕೆ ಸಸ್ಯಾಹಾರಿಗಳಿಗೆ ಮೇಲೆ ಸಿಗುವುದು ಚೀಸ್ ಶ್ಪೆಟ್ಸ್‌ಲೆ, ಸಿಹಿ ಕೈಸರ್‌ಶ್ಮಾರ್ನ್. ಚಿತ್ರಾನ್ನದ ಡಬ್ಬಿ ಇದ್ದರೆ ವಾಸಿ. ವಾಪಸ್ ಬರಲು ಲಿಯೆನ್ಸ್‌ನಿಂದ ಫೆಲ್ಬರ್‌ಟೌರ್ನ್ ಸುರಂಗ ಒಳ್ಳೆಯದು, ಅದಕ್ಕೆ ಟೋಲ್ ಬೇರೆ.

ಸ್ಟುಟ್‌ಗಾರ್ಟ್ ಒಳಗೇ ಮನೆ ಮಾಡುವವರು ನಮ್ಮಂಥ ಯೂರೋ 5 ಕಾರು (ಇದು ಯೂರೋಪಿನ ಹೊಗೆ ಮಿತಿಯ ಹಂತ) ತಗೊಳ್ಳಬೇಡಿ. ಅಲ್ಲಿ 2019ರಲ್ಲಿ ಯೂರೋ 4 ಡೀಸೆಲ್ ನಿಂತಿತು, 2020ರಲ್ಲಿ ಊರ ನಡುವಿನ ವಲಯಕ್ಕೆ ಯೂರೋ 5ಕ್ಕೂ ಬಾಗಿಲು ಹಾಕಿದರು. ನಾವು ಸಿಂಡೆಲ್‌ಫಿಂಗನ್ ಕಡೆ ಇರುವುದರಿಂದ ತೊಂದರೆ ಇಲ್ಲ. ಯೂರೋ 6 ಬೇಕಾದರೆ ಬ್ಲೂಟೆಕ್ ಅಂತ ಹೆಸರಿರುವ ಮರ್ಸಿಡಿಸ್ ಡೀಸೆಲ್ ನೋಡಿ. ಅದರಲ್ಲಿ ಹೊಗೆ ಶುದ್ಧ ಮಾಡುವ ದ್ರವದ ಆಡ್‌ಬ್ಲೂ ಟ್ಯಾಂಕ್, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ಅಂತ ಕೆಡುವ ವಸ್ತು ಎರಡು ಜಾಸ್ತಿ. 2018ರಲ್ಲಿ ಮರ್ಸಿಡಿಸ್‌ನ ಯೂರೋಪಿನ 7,74,000 ಡೀಸೆಲ್ ವಾಹನಗಳನ್ನು ಹೊಗೆ ಸಾಫ್ಟ್‌ವೇರ್ ಸಲುವಾಗಿ ವಾಪಸ್ ಕರೆದಿದ್ದರು. ನೀವು ನೋಡುತ್ತಿರುವ ಕಾರು ಆ ಪಟ್ಟಿಯಲ್ಲಿದ್ದರೆ ಅಪ್‌ಡೇಟ್ ಆಗಿರುವ ಕಾಗದ ಕೇಳಿ.

ಮನೆಗೆ ಬಂದ ಮರುದಿನ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಸ್ವಲ್ಪ ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹೊರಡುವಾಗ ಇದ್ದದ್ದಕ್ಕಿಂತ ಮೇಲಿದ್ದರೆ, ಅಥವಾ ಕಡ್ಡಿ ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಅರ್ಧಕ್ಕೆ ನಿಂತ ರೀಜನರೇಷನ್‌ಗಳಿಂದ ಡೀಸೆಲ್ ಆಯಿಲ್‌ಗೆ ಸೇರಿದೆ. ಆ ವಾರವೇ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ.