ಅಕ್ರಾ ಒಪ್ಪಂದದ ಆಚೆಗೆ ಲೈಬೀರಿಯಾದ ಹೆಂಗಸರು

ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಮಹಿಳಾ ಶಾಂತಿ ಚಳವಳಿಯ ಕುರಿತು ಬರೆಯುವವರು 2003ರ ಜುಲೈನಲ್ಲಿ ನಡೆದ ಒಂದು ಪ್ರಸಂಗವನ್ನು ಬಿಡುವುದೇ ಇಲ್ಲ. ಲೈಬೀರಿಯಾದ ಅಂತರ್ಯುದ್ಧ ನಿಲ್ಲಿಸಲು ಘಾನಾದ ರಾಜಧಾನಿ ಅಕ್ರಾದಲ್ಲಿ ವಾರಗಟ್ಟಲೆ ಎಳೆದಾಡುತ್ತಿದ್ದ ಸಂಧಾನದಿಂದ ರೋಸಿಹೋದ ಚಳವಳಿಯ ನಾಯಕಿ ಲೇಮಾ ಬೋವಿ ಮತ್ತು ಅವರ ಸಂಗಾತಿಗಳು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು ಒಳಗಿದ್ದವರನ್ನು ತಡೆದರು. ಬಂಧಿಸಲು ಬಂದವರೆದುರು ಬೋವಿ ತಮ್ಮ ಬಟ್ಟೆ ಬಿಚ್ಚಲು ಮುಂದಾದರು. ತಾಯಿಯಾದವಳು ನೊಂದು ಬೆತ್ತಲಾಗುವುದನ್ನು ಶಾಪವೆಂದು ನಂಬುವ ನಾಡದು. ಕಾವಲುಗಾರರು ಹಿಂದೆ ಸರಿದರು, ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಈ ಕಥೆ ರೋಚಕವಾಗಿದೆ, ನಿಜ. ಆದರೆ ಆ ಹೆಂಗಸರ ನಿಜವಾದ ದುಡಿಮೆ ಶುರುವಾದದ್ದು ಅದರ ನಂತರ ಎಂಬುದು ನನ್ನ ಅಭಿಪ್ರಾಯ.

ಒಪ್ಪಂದವು ಮಧ್ಯಂತರ ಸರ್ಕಾರದ ಪ್ರಮುಖ ಖಾತೆಗಳನ್ನು ಬಹುಪಾಲು ಆಗಷ್ಟೇ ಅಧ್ಯಕ್ಷ ಪದವಿ ಬಿಟ್ಟಿದ್ದ ಚಾರ್ಲ್ಸ್ ಟೇಲರ್ ಬಣಕ್ಕೂ ಎರಡು ಬಂಡುಕೋರ ಪಡೆಗಳಿಗೂ ಹಂಚಿತ್ತು. ಬಂದೂಕು ಹಿಡಿದವರಿಗೆ ಕುರ್ಚಿ ಸಿಕ್ಕಿತು. ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿಯ ಬಯಲಿನಲ್ಲಿ ಬಿಳಿ ಅಂಗಿ ತೊಟ್ಟು, ಕ್ರೈಸ್ತರು, ಮುಸ್ಲಿಮರು ಎನ್ನದೆ ಶಾಂತಿಗಾಗಿ ಬಿಸಿಲು ಮಳೆಯಲ್ಲಿ ಕೂತಿದ್ದ ಚಳವಳಿಯ ಹೆಂಗಸರು ಊರಿಗೆ ಮರಳಿದರು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ರಾಜಧಾನಿಯ ಹೊರವಲಯದಲ್ಲಿ ಶಸ್ತ್ರಾಸ್ತ್ರ ಒಪ್ಪಿಸಿಕೊಳ್ಳುವ ಶಿಬಿರ ತೆರೆದಾಗ, ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹುಡುಗರು ಬಂದೂಕು ಹೊತ್ತು ಬಂದು ಕೈಗೆ ಹಣ ಕೇಳಿದರು. ಹಣ ಕೊಡುವ ಸಿದ್ಧತೆಯೇ ಇರಲಿಲ್ಲ. ಗಲಭೆಯೆದ್ದಿತು, ಗುಂಡು ಹಾರಿತು, ಹೆಣಗಳು ಬಿದ್ದವು, ಶಿಬಿರ ನಿಂತಿತು. ಊರೂರಿನ ಹೋರಾಟಗಾರ ಹುಡುಗರನ್ನು ಹೆಸರು ಹಿಡಿದು ಬಲ್ಲ ಹೆಂಗಸರನ್ನು ಯೋಜನೆ ರೂಪಿಸುವಾಗಲೇ ಕೂರಿಸಿಕೊಂಡು ಕೇಳದಿದ್ದದ್ದು ನನಗೆ ದೊಡ್ಡ ಅಹಂಕಾರವಾಗಿಯೇ ಕಾಣುತ್ತದೆ. 2004ರ ಏಪ್ರಿಲ್‌ನಲ್ಲಿ ಕೆಲಸ ಮತ್ತೆ ಆರಂಭವಾಗುವ ಹೊತ್ತಿಗೆ ಅವರು ಹಳ್ಳಿಗಳಿಗೆ ಹೋಗಿ, ಶಸ್ತ್ರ ಒಪ್ಪಿಸುವುದು ಹೇಗೆ, ಬದಲಿಗೆ ಸಿಗುವುದೇನು ಎಂದು ಆ ಹುಡುಗರಿಗೂ ಅವರ ತಾಯಂದಿರಿಗೂ ತಿಳಿಹೇಳಿದರು. ಕೊನೆಗೆ ಶಸ್ತ್ರ ಬಿಟ್ಟವರ ಪಟ್ಟಿಯಲ್ಲಿ ಸೇರಿದವರು ಒಂದು ಲಕ್ಷಕ್ಕೂ ಮಿಕ್ಕಿದರು; ಅದರಲ್ಲಿ ನಕಲಿ ಹೆಸರುಗಳೂ ಇದ್ದವೆಂಬ ಟೀಕೆಯಿದೆ, ಒಪ್ಪಿಸಿದ ಬಂದೂಕುಗಳ ಸಂಖ್ಯೆ ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ.

2005ರ ಚುನಾವಣೆಗೆ ಮುನ್ನ ಮತದಾರರ ನೋಂದಣಿ ಮಂಕಾಗಿತ್ತು. ಸಂತೆಯ ವ್ಯಾಪಾರ ಬಿಟ್ಟರೆ ಅಂದಿನ ಊಟಕ್ಕೇ ಸಂಚಕಾರವಾದವರು ಸರತಿಯಲ್ಲಿ ನಿಲ್ಲುವುದೆಲ್ಲಿಂದ ಬಂತು? ಚಳವಳಿಯವರು ಅವರ ಅಂಗಡಿಯನ್ನೂ ಕಂಕುಳಿನ ಕೂಸನ್ನೂ ತಾವು ನೋಡಿಕೊಳ್ಳುತ್ತೇವೆಂದು ಹೇಳಿ ಅವರನ್ನು ನೋಂದಣಿ ಕೇಂದ್ರಕ್ಕೆ ಕಳುಹಿಸಿದರು. ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು ಆಫ್ರಿಕಾದಲ್ಲಿ ಚುನಾಯಿತರಾದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷರಾದರು. ಅದೇ ಅವಧಿಯಲ್ಲಿ ವಕೀಲೆಯರ ಸಂಘದ ಒತ್ತಾಯದಿಂದ ಅತ್ಯಾಚಾರದ ವಿರುದ್ಧ ಕಠಿಣ ಕಾನೂನು ಬಂತು. 2007ರಲ್ಲಿ ಅಲ್ಲಿಗೆ ಹೋದ ಭಾರತದ ಸಿಆರ್‌ಪಿಎಫ್ ಮಹಿಳಾ ತುಕಡಿ, ವಿಶ್ವಸಂಸ್ಥೆಯ ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ಘಟಕವಾಗಿ, 2016ರವರೆಗೆ ಸೇವೆ ಸಲ್ಲಿಸಿತು.

ಇಷ್ಟಾಗಿಯೂ ನ್ಯಾಯದ ಲೆಕ್ಕ ಬಾಕಿಯೇ ಉಳಿಯಿತು. ಟೇಲರ್‌ಗೆ 2012ರಲ್ಲಿ ಐವತ್ತು ವರ್ಷಗಳ ಶಿಕ್ಷೆಯಾದದ್ದು ನೆರೆಯ ಸಿಯೆರಾ ಲಿಯೋನ್‌ನಲ್ಲಿನ ಅಪರಾಧಗಳಿಗಾಗಿ. ಲೈಬೀರಿಯಾದಲ್ಲಿ ಸತ್ತವರಿಗಾಗಿ ಅಲ್ಲ. ಸತ್ಯ ಮತ್ತು ಸಾಮರಸ್ಯ ಆಯೋಗ 2009ರಲ್ಲಿ ಯುದ್ಧಾಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯ ಕೇಳಿತ್ತು, ಟೇಲರ್‌ಗೆ ಆರಂಭದಲ್ಲಿ ನೆರವಾದ ಕಾರಣಕ್ಕೆ ಸರ್ಲೀಫ್ ಅವರನ್ನೂ ಅಧಿಕಾರದಿಂದ ದೂರವಿಡಬೇಕೆಂದಿತ್ತು. ಆ ನ್ಯಾಯಾಲಯ ಸ್ಥಾಪಿಸಲು ಕಚೇರಿಯೊಂದನ್ನು ತೆರೆಯುವ ಆದೇಶಕ್ಕೆ ಅಧ್ಯಕ್ಷ ಜೋಸೆಫ್ ಬೊವಾಕೈ ಸಹಿ ಹಾಕಿದ್ದು 2024ರಲ್ಲಿ.